ಪಸ್ತಿವಾಲಾ ಒಯ್ಯದ ಕಸ: ಮುಂಬಯಿಯ ಮರುಬಳಕೆ ನಿಯಮಗಳು

ಮುಂಬಯಿಯ ರೋಟರಿ, ಲಯನ್ಸ್, ಜಾಯಂಟ್ಸ್‌ಗಳಂಥ ಸೇವಾ ಕ್ಲಬ್ಬುಗಳ ಸಭೆಗೆ ಒಂದು ಗೊತ್ತಾದ ಕ್ರಮವಿದೆ. ಅಧ್ಯಕ್ಷರು ಗಂಟೆ ಬಾರಿಸುತ್ತಾರೆ. ಕಾರ್ಯದರ್ಶಿಯ ಪ್ರಕಟಣೆ, ಹುಟ್ಟುಹಬ್ಬದವರಿಗೆ ಚಪ್ಪಾಳೆ, ಅತಿಥಿಯ ಪರಿಚಯ, ಅರ್ಧ ಗಂಟೆಯೊಳಗಿನ ಭಾಷಣ, ಒಂದಷ್ಟು ಪ್ರಶ್ನೆ, ವಂದನಾರ್ಪಣೆ, ಆಮೇಲೆ ಊಟ. ಅತಿಥಿ ಹೃದ್ರೋಗ ತಜ್ಞರಾದರೆ ಜನ ಕಿವಿಗೊಡುತ್ತಾರೆ, ತೆರಿಗೆ ಸಲಹೆಗಾರರಾದರೆ ಬರೆದುಕೊಳ್ಳುತ್ತಾರೆ. ಕಸದ ನಿಯಮದ ಬಗ್ಗೆ ಮಾತಾಡುವವರು ಬಂದರೆ ಮಾತ್ರ ಪ್ರಶ್ನೋತ್ತರ ಭಾಷಣಕ್ಕಿಂತ ಉದ್ದವಾಗುತ್ತದೆ. ಸಭೆಯಲ್ಲಿರುವ ಬಹುತೇಕರು ತಮ್ಮ ತಮ್ಮ ಕಟ್ಟಡದ ಸೊಸೈಟಿಯಲ್ಲಿ ಸೆಕ್ರೆಟರಿಯೋ, ಖಜಾಂಚಿಯೋ, ಅದಾಗದಿದ್ದರೆ ದೂರುದಾರರೋ ಆಗಿರುತ್ತಾರೆ. ಕೆಲವರಿಗೆ ಹೋಟೆಲೂ ಇರುತ್ತದೆ.

ಅಂಥ ಭಾಷಣಕ್ಕೆ ಬೇಕಾದ ಸಾಮಗ್ರಿಯನ್ನು ಇಲ್ಲಿ ಒಟ್ಟುಮಾಡಿದೆ. ಮೊದಲೇ ಒಂದು ಮಾತು. ಮುಂಬಯಿಯವರಿಗೆ ಮರುಬಳಕೆ ಹೊಸ ಪಾಠವಲ್ಲ. ಹಳೆಯ ಪೇಪರು, ಬಾಟಲಿ, ಕಬ್ಬಿಣ, ಕುಕ್ಕರಿನ ಒಡೆದ ಮುಚ್ಚಳ, ಇವೆಲ್ಲ ಯಾವ ಕಾಯ್ದೆಯೂ ಇಲ್ಲದ ಕಾಲದಿಂದ ಮನೆಬಾಗಿಲಿಗೆ ಬಂದು ಹಳೆ ಸಾಮಾನು ಕೊಳ್ಳುವ ಪಸ್ತಿವಾಲಾನ ತಕ್ಕಡಿಗೆ ಹೋಗುತ್ತಲೇ ಇವೆ. ಪಸ್ತಿವಾಲಾ ಯಾವುದನ್ನು ಒಯ್ಯುವುದಿಲ್ಲವೋ ಅದೇ ತೊಡಕು. ಅನ್ನ, ಮೀನಿನ ಮುಳ್ಳು, ಚಿಪ್ಸ್ ಪೊಟ್ಟಣ, ಡೈಪರು, ಉರಿಯದ ಬಲ್ಬು ಯಾರಿಗೂ ಬೇಡ. ಕಾಲು ಶತಮಾನದಿಂದ ಒಂದರ ಮೇಲೊಂದು ಬಂದ ನಿಯಮಗಳೆಲ್ಲ ಮುಖ್ಯವಾಗಿ ಈ ಬೆಲೆಯಿಲ್ಲದ ಕಸವನ್ನು ಬೆನ್ನಟ್ಟಿದವು ಎಂದುಕೊಂಡು ಓದಿದರೆ ಅವುಗಳ ತರ್ಕ ಬೇಗ ಹಿಡಿತಕ್ಕೆ ಸಿಗುತ್ತದೆ.

ಸೇವಾ ಕ್ಲಬ್ಬುಗಳಿಗೆ ಕಸ ಬಂದ ದಾರಿ

ರೋಟರಿ 1905ರಲ್ಲಿ ಶಿಕಾಗೋದಲ್ಲಿ ಹುಟ್ಟಿತು, 1919ರಲ್ಲಿ ಕಲ್ಕತ್ತೆಗೆ ಬಂತು, ಬೊಂಬಾಯಿಯ ಕ್ಲಬ್ಬು 1929ರದು. 1917ರಲ್ಲಿ ಅದೇ ಶಿಕಾಗೋದಲ್ಲಿ ಆರಂಭವಾದ ಲಯನ್ಸ್ ಭಾರತಕ್ಕೆ ಕಾಲಿಟ್ಟಿದ್ದು 1956ರಲ್ಲಿ. ಜಾಯಂಟ್ಸ್ ಮಾತ್ರ ಇಲ್ಲಿಯದೇ ಬೆಳೆ. ಮುಂದೆ ನಗರದ ಶೆರಿಫ್ ಆದ ನಾನಾ ಚುಡಾಸಮಾ 1972ರಲ್ಲಿ ಮುಂಬಯಿಯಲ್ಲೇ ಅದನ್ನು ಕಟ್ಟಿದರು. ಮರೀನ್ ಡ್ರೈವಿನಲ್ಲಿ ಅವರು ಕಟ್ಟಿಸುತ್ತಿದ್ದ ಚುಚ್ಚುಮಾತಿನ ಬ್ಯಾನರುಗಳನ್ನು ಓದದೆ ಮುಂದೆ ಹೋದವರು ಕಡಿಮೆ.

ಸಾರ್ವಜನಿಕ ಸೇವೆಗೆ ಮುಂಬಯಿ ಕನ್ನಡಿಗರು ಈ ಕ್ಲಬ್ಬುಗಳ ದಾರಿ ಕಾಯುತ್ತ ಕೂತಿರಲಿಲ್ಲ ಎಂಬುದನ್ನೂ ಹೇಳಬೇಕು. ಮಾಟುಂಗದ ಮೈಸೂರು ಅಸೋಸಿಯೇಶನ್ 1926ರದು, ಬಂಟರ ಸಂಘ 1927ರದು, ಕರ್ನಾಟಕ ಸಂಘ 1933ರದು. ಹಗಲು ಹೋಟೆಲಿನಲ್ಲಿ ಮೇಜು ಒರೆಸಿದ ಹುಡುಗರನ್ನು ರಾತ್ರಿ ಶಾಲೆಯ ಬೆಂಚಿನ ಮೇಲೆ ಕೂರಿಸಿ ಓದಿಸಿದ್ದು ಇಲ್ಲಿಯ ಕನ್ನಡ ಸಂಸ್ಥೆಗಳ ದೊಡ್ಡ ಕೆಲಸ.

ಇವರೆಲ್ಲರ ಪಟ್ಟಿಯಲ್ಲಿ ಕಣ್ಣಿನ ಶಿಬಿರ, ರಕ್ತದಾನ, ವಿದ್ಯಾರ್ಥಿವೇತನಗಳು ಮೊದಲಿಂದ ಇದ್ದವು. ಕಸ ತಡವಾಗಿ ಸೇರಿತು. 1994ರಲ್ಲಿ ಸೂರತ್ತಿನಲ್ಲಿ ಪ್ಲೇಗು ಕಾಣಿಸಿಕೊಂಡು, ಅಲ್ಲಿಂದ ರೈಲುಗಟ್ಟಲೆ ಜನ ಮುಂಬಯಿಯ ಕಡೆಗೂ ಹೊರಟಾಗ ಪಶ್ಚಿಮ ಕರಾವಳಿಯ ನಗರಗಳೆಲ್ಲ ತಮ್ಮ ಗಲ್ಲಿಗಳನ್ನು ಬೆದರಿ ನೋಡಿಕೊಂಡವು. 1997ರಲ್ಲಿ ಘಾಟ್ಕೋಪರ್ ಪೂರ್ವದ ಜೋಶಿ ಲೇನಿನ ನಿವಾಸಿಗಳು ಪಾಲಿಕೆಯೊಂದಿಗೆ ಕೈಜೋಡಿಸಿ ತಮ್ಮ ಬೀದಿಯ ಕಸವನ್ನು ತಾವೇ ಬೇರ್ಪಡಿಸಿ ಗೊಬ್ಬರ ಮಾಡತೊಡಗಿದರು. ಆ ಮಾದರಿಯನ್ನು ಪಾಲಿಕೆ ನಗರಕ್ಕೆಲ್ಲ ಹಬ್ಬಿಸಿತು. ಅಡ್ವಾನ್ಸ್ಡ್ ಲೋಕ್ಯಾಲಿಟಿ ಮ್ಯಾನೇಜ್‌ಮೆಂಟ್ ಎಂಬ ಭಾರದ ಹೆಸರು ಜನರ ಬಾಯಲ್ಲಿ ಎಎಲ್‌ಎಂ ಆಯಿತು. ನೂರಾರು ಬೀದಿಗಳಲ್ಲಿ ಎಎಲ್‌ಎಂಗಳು ಹುಟ್ಟಿದವು, ಅನೇಕವು ಉತ್ಸಾಹಿ ಮುಖ್ಯಸ್ಥರು ಮನೆ ಬದಲಿಸಿದೊಡನೆ ಮಲಗಿದವು. ರೋಟರಿ ಜಾಗತಿಕ ಮಟ್ಟದಲ್ಲಿ ಪರಿಸರವನ್ನು ತನ್ನ ಮುಖ್ಯ ಸೇವಾಕ್ಷೇತ್ರಗಳಿಗೆ ಸೇರಿಸಿಕೊಂಡದ್ದು 2020ರ ತೀರ್ಮಾನ, ಅದು ನಡೆಗೆ ಬಂದದ್ದು 2021ರ ಜುಲೈಯಲ್ಲಿ. ಜೋಶಿ ಲೇನಿನವರು ಎರಡು ದಶಕಕ್ಕೂ ಮಿಕ್ಕಿ ಮುಂದಿದ್ದರು.

ಕಾಯ್ದೆಯ ಕಾಲಾನುಕ್ರಮ

ಭಾರತದಲ್ಲಿ ನಗರದ ಕಸಕ್ಕೆ ಪ್ರತ್ಯೇಕ ನಿಯಮ ಬಂದದ್ದರ ಹಿಂದೆ ಬೆಂಗಳೂರಿನ ಒಬ್ಬ ಹೆಣ್ಣುಮಗಳಿದ್ದಾರೆ. ಎಂಜಿನಿಯರ್ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹಾಕಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಿಂದ ತಜ್ಞರ ಸಮಿತಿ ನೇಮಕವಾಯಿತು, ಅದರ ವರದಿಯ ಬೆನ್ನಿಗೆ 2000ದ ಸೆಪ್ಟೆಂಬರಿನಲ್ಲಿ ಪುರಸಭಾ ಘನತ್ಯಾಜ್ಯ ನಿಯಮಗಳು ಬಂದವು. ಮನೆಮನೆಯಿಂದ ಕಸ ಎತ್ತಬೇಕು, ಹಸಿ–ಒಣ ಬೇರೆಯಾಗಬೇಕು, ಉಳಿದದ್ದನ್ನು ಮಾತ್ರ ನೆಲಕ್ಕೆ ಹಾಕಬೇಕು ಎಂದು ಆಗಲೇ ಬರೆದಿತ್ತು. ಆದರೆ ಹೊಣೆಯೆಲ್ಲ ಪಾಲಿಕೆಗಳ ತಲೆಯ ಮೇಲಿತ್ತು, ಮನೆಯವರ ಮೇಲೆ ಒತ್ತಾಯ ತೀರ ಕಡಿಮೆ.

ಮುಂಬಯಿ ಪಾಲಿಕೆ 2006ರಲ್ಲಿ ತನ್ನದೇ ಸ್ವಚ್ಛತಾ ಉಪವಿಧಿ ಹೊರಡಿಸಿತು. ಉಗುಳಿದರೆ, ಬೀದಿಯಲ್ಲಿ ಕಸ ಚೆಲ್ಲಿದರೆ ದಂಡ ಹಾಕುವ ಕ್ಲೀನ್‌ಅಪ್ ಮಾರ್ಷಲ್‌ಗಳು ಬೀದಿಗಿಳಿದದ್ದು ಅದರ ಬಲದಿಂದ. ಲೋಕಲ್ ಇಳಿದು ಸ್ಟೇಷನ್ನಿನ ಹೊರಗೆ ಬಂದವರಿಗೆ ಮಾರ್ಷಲ್‌ಗಳ ಜೊತೆಗಿನ ವಾಗ್ವಾದ ಒಂದು ಕಾಲಕ್ಕೆ ದಿನನಿತ್ಯದ ಬಿಟ್ಟಿ ಮನರಂಜನೆಯಾಗಿತ್ತು.

ಕೇಂದ್ರದ ದೊಡ್ಡ ಹೆಜ್ಜೆ 2016ರದು. ಏಪ್ರಿಲ್ 8ರಂದು ಪ್ರಕಟವಾದ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕಸ ಹುಟ್ಟಿಸುವವರಿಗೇ ಕರ್ತವ್ಯ ಹೊರಿಸಿದವು: ಹಸಿ, ಒಣ, ಮನೆಯ ಅಪಾಯಕಾರಿ ಕಸ ಎಂದು ಮೂರು ಪಾಲು ಮಾಡಿ ಕೊಡಬೇಕು, ಪಾಲಿಕೆ ಕೇಳಿದ ಶುಲ್ಕ ಕೊಡಬೇಕು, ಸುಡಕೂಡದು, ಹೂಳಕೂಡದು. ಚಿಂದಿ ಆಯುವವರಿಗೆ ಗುರುತಿನ ಚೀಟಿ ಕೊಟ್ಟು ವ್ಯವಸ್ಥೆಯೊಳಗೆ ತರಬೇಕೆಂದೂ ಅದೇ ನಿಯಮ ಹೇಳಿತು. ಅದೇ ವರ್ಷ ಪ್ಲಾಸ್ಟಿಕ್, ಆಸ್ಪತ್ರೆ ಕಸ, ಕಟ್ಟಡದ ಅವಶೇಷಗಳಿಗೆ ಬೇರೆ ಬೇರೆ ನಿಯಮಗಳು ಬಂದವು. ಎಲೆಕ್ಟ್ರಾನಿಕ್ ಕಸದ ಈಗಿನ ನಿಯಮ 2022ರದು, ಜಾರಿಯಾದದ್ದು 2023ರ ಏಪ್ರಿಲಿನಲ್ಲಿ.

2016ರ ನಿಯಮಗಳ ಜಾಗಕ್ಕೆ 2026ರ ಜನವರಿಯಲ್ಲಿ ಹೊಸ ಘನತ್ಯಾಜ್ಯ ನಿಯಮಗಳು ಪ್ರಕಟವಾದವು. ಜಾರಿಗೆ ಗೊತ್ತುಮಾಡಿದ ದಿನ 2026ರ ಏಪ್ರಿಲ್ 1. ಮೂರು ಪಾಲು ನಾಲ್ಕಾಯಿತು.

ನಾಲ್ಕು ಬುಟ್ಟಿಗಳು

*ಹಸಿ.* ಮರಾಠಿಯ ಓಲಾ ಕಚರಾ. ತರಕಾರಿ ಸಿಪ್ಪೆ, ಉಳಿದ ಅನ್ನ–ಸಾಂಬಾರು, ಚಹಾ ಗಸಿ, ಮೊಟ್ಟೆ ಚಿಪ್ಪು, ಮೀನಿನ ಹುರುಪೆ–ಮುಳ್ಳು, ಬಾಡಿದ ಹೂ. ಪಾಲಿಕೆಯ ಪರಿಸರ ವರದಿಗಳ ಪ್ರಕಾರ ಮುಂಬಯಿಯ ಕಸದಲ್ಲಿ ಎಪ್ಪತ್ತು ಪ್ರತಿಶತಕ್ಕೂ ಹೆಚ್ಚು ತೂಕ ಈ ಆಹಾರದ ಕಸದ್ದು. ಎಂದರೆ ಇದಿಷ್ಟು ಕಟ್ಟಡದೊಳಗೇ ಕರಗಿದರೆ ಲಾರಿಯ ಹೊರೆ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ತೆಂಗಿನ ಗೆರಟೆ ಮತ್ತು ಎಳನೀರ ಬುರುಡೆ ಹೆಸರಿಗೆ ಹಸಿಯ ಪೈಕಿ, ಆದರೆ ಸೊಸೈಟಿಯ ಗೊಬ್ಬರದ ಯಂತ್ರಕ್ಕೆ ಬಿದ್ದರೆ ಅದರ ಹಲ್ಲು ಮುರಿಯುತ್ತದೆ. ನಮ್ಮವರ ಮನೆಗಳಲ್ಲಿ ದಿನಕ್ಕೊಂದು ಕಾಯಿ ಒಡೆಯುವುದರಿಂದ ಗೆರಟೆಯನ್ನು ಬೇರೆ ಚೀಲದಲ್ಲಿಡುವ ರೂಢಿ ಮಾಡಿಕೊಳ್ಳುವುದು ಒಳ್ಳೆಯದು.

*ಒಣ.* ಕಾಗದ, ರಟ್ಟು, ಪ್ಲಾಸ್ಟಿಕ್, ಲೋಹ, ಗಾಜು, ಬಟ್ಟೆ, ರಬ್ಬರು. ಈ ಬುಟ್ಟಿಯಲ್ಲಿ ಗೊಂದಲಗಳು ಹೆಚ್ಚು, ಏಕೆಂದರೆ ಒಣಗಿದ್ದೆಲ್ಲ ಮರುಬಳಕೆಗೆ ಬರುತ್ತದೆಂಬ ಭ್ರಮೆ ಇದೆ. ಎಣ್ಣೆ ಕುಡಿದ ಪಿಜ್ಜಾ ಡಬ್ಬಿಯ ರಟ್ಟನ್ನು ಕಾಗದದ ಗಿರಣಿ ಒಲ್ಲದು. ಹಾಲು–ಜ್ಯೂಸಿನ ಟೆಟ್ರಾಪ್ಯಾಕಿನಲ್ಲಿ ರಟ್ಟು, ಪಾಲಿಥೀನು, ಅಲ್ಯೂಮಿನಿಯಂ ಹಾಳೆಗಳು ಒಂದಕ್ಕೊಂದು ಅಂಟಿರುತ್ತವೆ. ಅದನ್ನು ಬಿಡಿಸುವ ಕಾರ್ಖಾನೆಗಳಿವೆ, ಆದರೆ ಬೀದಿಯ ಪಸ್ತಿವಾಲಾ ಕೊಳ್ಳುವುದಿಲ್ಲ. ಮುಂಬಯಿಯ ಸಹಕಾರಿ ಭಂಡಾರದಂಥ ಅಂಗಡಿಗಳಲ್ಲಿ ಇದಕ್ಕೆಂದೇ ಪೆಟ್ಟಿಗೆ ಇಟ್ಟು ಸಂಗ್ರಹಿಸಿದ್ದು ಆ ಕಾರಣಕ್ಕೆ. ಚಿಪ್ಸ್, ಬಿಸ್ಕೀಟು, ಶಾಂಪೂ ಪೊಟ್ಟಣಗಳು ಹಲವು ಪದರದವು, ಅವನ್ನು ಕರಗಿಸಿ ಮತ್ತೆ ಪೊಟ್ಟಣ ಮಾಡಲಾಗುವುದಿಲ್ಲ. ಅವಕ್ಕೆ ಉಳಿದ ಗತಿಯೆಂದರೆ ಸಿಮೆಂಟಿನ ಗೂಡಿಗೆ ಇಂಧನವಾಗುವುದು. ಹೊಸ ನಿಯಮ ಸಿಮೆಂಟ್ ಕಾರ್ಖಾನೆಗಳು ಇಂಥ ಇಂಧನದ ಪಾಲನ್ನು ಆರು ವರ್ಷಗಳಲ್ಲಿ 5 ಪ್ರತಿಶತದಿಂದ 15ಕ್ಕೆ ಏರಿಸಬೇಕೆಂದು ಹೇಳುವುದು ಈ ಪೊಟ್ಟಣಗಳಿಗೆ ಹೇಗಾದರೂ ಒಬ್ಬ ಗಿರಾಕಿ ಸಿಗಲೆಂದು.

ಹಾಲಿನ ಪ್ಲಾಸ್ಟಿಕ್ ಚೀಲ ಇದಕ್ಕೆ ತದ್ವಿರುದ್ಧ. ಒಂದೇ ಜಾತಿಯ ಪ್ಲಾಸ್ಟಿಕ್ಕು, ಒಳ್ಳೆಯ ಬೆಲೆ. ಮೂಲೆಯನ್ನು ಪೂರ್ತಿ ಕತ್ತರಿಸಿ ಎಸೆದರೆ ಆ ಚಿಕ್ಕ ತ್ರಿಕೋನ ಯಾರ ಕೈಗೂ ಸಿಗದೆ ಗಟಾರಕ್ಕೆ ಹೋಗುತ್ತದೆ. ಕತ್ತರಿ ಹಾಕಿದ ಮೂಲೆ ಚೀಲಕ್ಕೆ ಅಂಟಿಕೊಂಡೇ ಇರುವಂತೆ ಬಿಡುವುದು, ಚೀಲವನ್ನು ತೊಳೆದು ಒಣಗಿಸುವುದು, ಇಷ್ಟೇ ಕೆಲಸ.

*ನೈರ್ಮಲ್ಯ ಕಸ.* ಡೈಪರು, ಸ್ಯಾನಿಟರಿ ಪ್ಯಾಡು. 2016ರ ನಿಯಮದಲ್ಲಿ ಇವನ್ನು ಸುತ್ತಿ ಒಣ ಕಸದ ಜೊತೆಗೆ ಕೊಡಬೇಕಿತ್ತು. ಒಣ ಕಸವನ್ನು ಬರಿಗೈಯಲ್ಲಿ ಬಿಡಿಸುವ ಹೆಂಗಸರ ಬಗ್ಗೆ ಆ ಸಾಲು ಬರೆದವರು ಯೋಚಿಸಿದಂತಿಲ್ಲ. ಈಗ ಇದು ಪ್ರತ್ಯೇಕ ಬುಟ್ಟಿ. ಮುಂಬಯಿ ಪಾಲಿಕೆ ಹೊಸ ನಿಯಮಕ್ಕೆ ಕಾಯದೆ 2025ರ ಮೇ ತಿಂಗಳಲ್ಲಿ ನೋಂದಾಯಿಸಿಕೊಂಡ ಸೊಸೈಟಿ, ಬ್ಯೂಟಿ ಪಾರ್ಲರು, ಹಾಸ್ಟೆಲುಗಳಿಂದ ಇದನ್ನು ಬೇರೆಯಾಗಿ ಎತ್ತುವ ಸೇವೆ ಶುರುಮಾಡಿತು.

*ವಿಶೇಷ ಕಾಳಜಿಯ ಕಸ.* ಬಣ್ಣದ ಡಬ್ಬಿ, ಟ್ಯೂಬ್‌ಲೈಟು, ಪಾದರಸದ ಥರ್ಮಾಮೀಟರು, ಅವಧಿ ಮುಗಿದ ಮಾತ್ರೆ. ಹಳೆ ಮೊಬೈಲು, ಚಾರ್ಜರುಗಳಿಗೆ ಬೇರೆಯೇ ನಿಯಮವಿದ್ದು, ತಯಾರಕ ಕಂಪನಿಗಳೇ ಮರಳಿ ಪಡೆಯುವ ಹೊಣೆ ಹೊತ್ತಿವೆ. ಗುಜರಿಯ ಭಂಗಾರ್‌ವಾಲಾ ಇವನ್ನೂ ಕೊಳ್ಳುತ್ತಾನೆ, ಒಳಗಿನ ತಾಮ್ರಕ್ಕಾಗಿ ತಂತಿಯನ್ನು ಸುಡುವುದೂ ಉಂಟು. ಬೆಲೆ ಇದ್ದಮಾತ್ರಕ್ಕೆ ಕಸ ಸರಿಯಾದ ಜಾಗ ಸೇರಿತೆಂದು ಹೇಳಲಾಗದ ಕಡೆ ಇದು.

ನೂರು ಕಿಲೋದ ಗೆರೆ

ಕ್ಲಬ್ಬಿನ ಸಭೆಯಲ್ಲಿ ಸೊಸೈಟಿ ಸೆಕ್ರೆಟರಿಗಳು ಪೆನ್ನು ತೆಗೆಯುವ ಅಧ್ಯಾಯ ಇದು. ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಹುಟ್ಟಿಸುವವರು 2016ರಿಂದ ದೊಡ್ಡ ಪ್ರಮಾಣದ ಉತ್ಪಾದಕರು. ಮುಂಬಯಿ ಪಾಲಿಕೆ ಇದಕ್ಕೆ 20,000 ಚದರ ಮೀಟರಿನ ಅಳತೆಯನ್ನೂ ಜೋಡಿಸಿ, 2017ರ ಅಕ್ಟೋಬರ್ 2ರಿಂದ ಇಂಥವರ ಹಸಿ ಕಸ ಎತ್ತುವುದಿಲ್ಲ ಎಂದು ಸಾರಿತು. ಸೊಸೈಟಿಗಳು ಗಲಾಟೆ ಎಬ್ಬಿಸಿದವು, ಗಡುವು ಸಡಿಲವಾಯಿತು, ನೋಟಿಸುಗಳು ಹೋದವು, ಕೆಲವರು ಯಂತ್ರ ತಂದರು, ಕೆಲವರು ಯಂತ್ರ ತಂದು ಟಾರ್ಪಾಲು ಹೊದಿಸಿ ಇಟ್ಟರು.

2026ರ ನಿಯಮ ಮೂರು ಅಳತೆಗೋಲು ಕೊಡುತ್ತದೆ: 20,000 ಚದರ ಮೀಟರು ಅಥವಾ ಹೆಚ್ಚಿನ ಕಟ್ಟಡ ವಿಸ್ತೀರ್ಣ, ದಿನಕ್ಕೆ 40,000 ಲೀಟರು ನೀರಿನ ಬಳಕೆ, ದಿನಕ್ಕೆ 100 ಕಿಲೋ ಕಸ. ಇವುಗಳಲ್ಲಿ ಯಾವುದಾದರೊಂದು ತಾಗಿದರೆ ಸಾಕು. ಲೆಕ್ಕ ಹಾಕಿ ನೋಡೋಣ. ತಲೆಗೆ ದಿನಕ್ಕೆ 135 ಲೀಟರು ಎಂಬ ಸಾಮಾನ್ಯ ಮಾನದಂಡ ಹಿಡಿದರೆ 40,000 ಲೀಟರು ಸುಮಾರು 300 ಜನರ ನೀರು, ಎಂದರೆ ಎಪ್ಪತ್ತೈದು ಮನೆ. ತಲೆಗೆ ಅರ್ಧ ಕಿಲೋದಂತೆ ಕಸ ಹಿಡಿದರೆ ನೂರು ಕಿಲೋಗೆ ಐವತ್ತು ಮನೆ ಸಾಕು. ಬೊರಿವಲಿ, ಮುಲುಂಡ್, ಚೆಂಬೂರಿನ ಹಳೆಯ ನಾಲ್ಕು ಮಹಡಿಯ ಕಟ್ಟಡಗಳು ಈ ಗೆರೆಯ ಕೆಳಗೆ ಉಳಿದಾವು. ಅದೇ ಕಟ್ಟಡ ರಿಡೆವಲಪ್‌ಮೆಂಟಿಗೆ ಹೋಗಿ ಇಪ್ಪತ್ತೆರಡು ಮಹಡಿಯಾಗಿ ಎದ್ದ ದಿನ ಗೆರೆ ದಾಟಿರುತ್ತದೆ. ಹೊಸ ಮನೆಯ ಕನಸು ಕಾಣುವಾಗ ಪಾರ್ಕಿಂಗ್ ಎಷ್ಟು ಎಂದು ಕೇಳುವವರು ಗೊಬ್ಬರದ ಗುಂಡಿ ಎಲ್ಲಿ ಎಂದೂ ಬಿಲ್ಡರನ್ನು ಕೇಳಬೇಕು. ನಕ್ಷೆಯಲ್ಲಿ ಜಾಗ ಬಿಡದಿದ್ದರೆ ಆಮೇಲೆ ಎಲ್ಲಿಂದ ತರುವುದು?

ಗೊಬ್ಬರ ಮಾಡುವುದರಲ್ಲಿ ರಹಸ್ಯವೇನಿಲ್ಲ. ಹಸಿ ಕಸದಲ್ಲಿ ಸಾರಜನಕ ಹೆಚ್ಚು, ಅದಕ್ಕೆ ಇಂಗಾಲದ ಜೊತೆ ಬೇಕು: ಒಣ ಎಲೆ, ಮರದ ಹೊಟ್ಟು, ತೆಂಗಿನ ನಾರಿನ ಪುಡಿ. ಇಂಗಾಲ–ಸಾರಜನಕ 25–30ಕ್ಕೆ 1ರ ಸುಮಾರಿನಲ್ಲಿದ್ದು, ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ತೇವವಿದ್ದು, ಗಾಳಿಯಾಡಿದರೆ ವಾಸನೆ ಬರುವುದಿಲ್ಲ. ವಾಸನೆ ಬಂತೆಂದರೆ ಒಳಗೆ ಗಾಳಿಯಿಲ್ಲ, ಹೊಟ್ಟು ಸಾಲದು ಎಂದರ್ಥ. ಜೂನಿನಿಂದ ಸೆಪ್ಟೆಂಬರಿನವರೆಗಿನ ಮುಂಬಯಿ ಮಳೆಯಲ್ಲಿ ಇದೇ ದೊಡ್ಡ ಪರೀಕ್ಷೆ. ಹೊಟ್ಟಿನ ಚೀಲಗಳನ್ನು ಮೇಯಲ್ಲೇ ತಂದಿಟ್ಟುಕೊಂಡ ಸೊಸೈಟಿ ಪಾರಾಗುತ್ತದೆ. ಬೇರ್ಪಡಿಸಿ ಗೊಬ್ಬರ ಮಾಡುವ ಸೊಸೈಟಿಗಳಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿಯ ಯೋಜನೆಯೂ ಪಾಲಿಕೆಯಲ್ಲಿದೆ. ಸಭೆಗಳಲ್ಲಿ ಇದನ್ನು ಹೇಳಿದಾಗ ಹಿಂದಿನ ಸಾಲಿನವರೂ ತಲೆ ಎತ್ತುತ್ತಾರೆ.

ಹೋಟೆಲಿನವರ ಕಸ

ಮುಂಬಯಿಯ ಹೋಟೆಲು ಮಾಲೀಕರ ಸಂಘಟನೆ ಆಹಾರ್ 1979ರದು, ಅದರ ಪದಾಧಿಕಾರಿಗಳ ಪಟ್ಟಿ ಓದಿದರೆ ದಕ್ಷಿಣ ಕನ್ನಡ–ಉಡುಪಿಯ ಊರುಗಳು ನೆನಪಾಗುತ್ತವೆ. ಉಡುಪಿ ಹೋಟೆಲಿನ ಕಸದಲ್ಲಿ ಮೂರು ಸಂಗತಿಗಳು ನಿಯಮದ ಕಣ್ಣಿಗೆ ಬೀಳುತ್ತವೆ.

ಮೊದಲನೆಯದು ಅಡುಗೆಮನೆಯ ಹಸಿ ಕಸ. ಊಟದ ಹೊತ್ತಿನಲ್ಲಿ ಕುರ್ಚಿ ಖಾಲಿಯಿಲ್ಲದ ಹೋಟೆಲು ನೂರು ಕಿಲೋದ ಗೆರೆಯನ್ನು ಸುಲಭವಾಗಿ ಮುಟ್ಟುತ್ತದೆ. ಜಾಗವಿಲ್ಲದ ಹೋಟೆಲು ಗೊಬ್ಬರ ಮಾಡಲಾರದು, ಜೈವಿಕ ಅನಿಲದ ಸ್ಥಾವರಕ್ಕೆ ಕಳಿಸಬಹುದು. ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ಶರದ್ ಕಾಳೆ ಅವರು ರೂಪಿಸಿದ ನಿಸರ್ಗರುಣ ಸ್ಥಾವರ ಇಂಥ ಕಸಕ್ಕೆಂದೇ ಹುಟ್ಟಿದ್ದು. ಮೊದಲ ತೊಟ್ಟಿಯಲ್ಲಿ ಬಿಸಿ ಮತ್ತು ಗಾಳಿ ಕೊಟ್ಟು ಅನ್ನ–ಪಲ್ಯವನ್ನು ಅರೆ ಜೀರ್ಣ ಮಾಡಿ, ಎರಡನೆಯದರಲ್ಲಿ ಗಾಳಿಯಿಲ್ಲದೆ ಮೀಥೇನ್ ಪಡೆಯುತ್ತಾರೆ.

ಎರಡನೆಯದು ಕರಿದ ಎಣ್ಣೆ. ಬಜೆ, ಬನ್ಸು, ಮೆದುವಡೆ ಕರಿದು ಕರಿದು ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳು 25 ಪ್ರತಿಶತ ದಾಟಿದರೆ ಆ ಎಣ್ಣೆಯನ್ನು ಅಡುಗೆಗೆ ಬಳಸುವಂತಿಲ್ಲ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈಯಿಂದ ವಿಧಿಸಿದೆ. ಆ ಎಣ್ಣೆಯನ್ನು ಜೈವಿಕ ಡೀಸೆಲ್ ಮಾಡುವವರಿಗೆ ಮಾರುವ ರೂಕೋ ಯೋಜನೆ ಅದೇ ವರ್ಷದ ಆಗಸ್ಟಿನದು. ಮೋರಿಗೆ ಸುರಿದ ಎಣ್ಣೆ ಪೈಪಿನಲ್ಲಿ ಗಟ್ಟಿಯಾಗಿ ಅಡ್ಡ ಕೂರುತ್ತದೆ. ಮಾರಿದರೆ ದುಡ್ಡು ಬರುತ್ತದೆ, ಆದ್ದರಿಂದ ಈ ನಿಯಮಕ್ಕೆ ಪ್ರತಿರೋಧ ಕಡಿಮೆ.

ಮೂರನೆಯದು ಪಾರ್ಸೆಲಿನ ಪ್ಲಾಸ್ಟಿಕ್. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಸುರಿದು ನಗರ ಮುಳುಗಿದಾಗ ಗಟಾರಗಳನ್ನು ಕಟ್ಟಿದ ಪ್ಲಾಸ್ಟಿಕ್ ಚೀಲಗಳ ಮೇಲೆ ಎಲ್ಲರ ಸಿಟ್ಟು ತಿರುಗಿತು. ಮಹಾರಾಷ್ಟ್ರ ಸರಕಾರ 2018ರ ಮಾರ್ಚ್ 23ರಂದು ಪ್ಲಾಸ್ಟಿಕ್–ಥರ್ಮೋಕೋಲ್ ನಿಷೇಧ ಹೊರಡಿಸಿ ಜೂನ್ 23ರಿಂದ ದಂಡ ಹಾಕತೊಡಗಿತು: ಮೊದಲ ತಪ್ಪಿಗೆ 5,000 ರೂಪಾಯಿ, ಎರಡನೆಯದಕ್ಕೆ 10,000, ಮೂರನೆಯದಕ್ಕೆ 25,000 ಮತ್ತು ಮೂರು ತಿಂಗಳ ಸೆರೆ. ಸಾಂಬಾರಿನ ಪಾರ್ಸೆಲಿಗೆ ಏನು ಮಾಡುವುದೆಂಬುದು ಆ ಬೇಸಿಗೆಯ ಅತಿ ದೊಡ್ಡ ಪ್ರಶ್ನೆಯಾಗಿತ್ತು, ಮನೆಯಿಂದ ಡಬ್ಬಿ ತಂದವರಿಗೆ ಬಿಲ್ಲಿನಲ್ಲಿ ಸೋಡಿ ಕೊಟ್ಟ ಹೋಟೆಲುಗಳೂ ಇದ್ದವು. ಹಾಲಿನ ಚೀಲ ಮರಳಿಸಿದರೆ 50 ಪೈಸೆ ಕೊಡಬೇಕೆಂಬ ಒಳ್ಳೆಯ ಕಲಮು ಅದೇ ಆದೇಶದಲ್ಲಿತ್ತು, ಅದು ಹೆಚ್ಚಾಗಿ ಕಾಗದದ ಮೇಲೆ ಉಳಿಯಿತು. 2022ರ ಜುಲೈ 1ರಿಂದ ಕೇಂದ್ರವೇ ಸ್ಟ್ರಾ, ಚಮಚ, ತಟ್ಟೆ, ಲೋಟ, ಸಿಹಿತಿಂಡಿ ಡಬ್ಬಿಯ ಮೇಲಿನ ತೆಳು ಹಾಳೆಗಳನ್ನು ನಿಷೇಧಿಸಿತು. ಆ ಪಟ್ಟಿಯಲ್ಲಿ 100 ಮೈಕ್ರಾನಿಗಿಂತ ತೆಳುವಾದ ಪಿವಿಸಿ ಬ್ಯಾನರೂ ಇದೆ. ಕ್ಲಬ್ಬಿನ ಪದಗ್ರಹಣ ಸಮಾರಂಭದ ಹಿಂದೆ ತೂಗುವ ಬ್ಯಾನರು ಎಷ್ಟು ದಪ್ಪ ಎಂದು ಅಳೆದವರನ್ನು ನಾನು ಕಂಡಿಲ್ಲ.

ತೇರಾ ಕಂಪೌಂಡಿನಲ್ಲಿ

ಪಸ್ತಿವಾಲಾ ಕೊಂಡದ್ದು ಮುಂದೆ ಎಲ್ಲಿಗೆ ಹೋಗುತ್ತದೆ? ಬಹುಪಾಲು ಧಾರಾವಿಗೆ, ಮಾಹಿಮ್ ಕಡೆಯಿಂದ ಒಳಹೊಕ್ಕರೆ ಸಿಗುವ ತೇರಾ ಕಂಪೌಂಡಿಗೆ. ಉತ್ತರ ಕರ್ನಾಟಕದಿಂದ ಬಂದು ನೆಲೆಸಿದ ಕುಟುಂಬಗಳೂ ಧಾರಾವಿಯಲ್ಲಿ ಬೇಕಾದಷ್ಟಿವೆ, ಅಲ್ಲಿಯ ಗಲ್ಲಿಗಳಲ್ಲಿ ಕನ್ನಡ ಕಿವಿಗೆ ಬೀಳುವುದು ಅಪರೂಪವಲ್ಲ.

ಇಲ್ಲಿಯ ಕೆಲಸ ವಿಂಗಡಣೆಯಿಂದ ಶುರು. ಪ್ಲಾಸ್ಟಿಕ್ ವಸ್ತುವಿನ ತಳದಲ್ಲಿ ತ್ರಿಕೋನದೊಳಗೆ 1ರಿಂದ 7ರವರೆಗಿನ ಅಂಕಿ ಇರುತ್ತದೆ: ನೀರಿನ ಬಾಟಲಿಯ ಪೆಟ್ 1, ಶಾಂಪೂ ಬಾಟಲಿಯ ಗಟ್ಟಿ ಪಾಲಿಥೀನು 2, ಪಿವಿಸಿ 3, ತೆಳು ಚೀಲ 4, ಪಾರ್ಸೆಲ್ ಡಬ್ಬಿಯ ಪಾಲಿಪ್ರೊಪಿಲೀನು 5, ಥರ್ಮೋಕೋಲಿನ ಜಾತಿ 6, ಮಿಕ್ಕದ್ದೆಲ್ಲ 7. ಬಲ್ಲವರಿಗೆ ಅಂಕಿ ಬೇಕಿಲ್ಲ. ಬಗ್ಗಿಸಿ, ಬಡಿದು ಸದ್ದು ಕೇಳಿ, ಸಂದೇಹವಿದ್ದರೆ ಚೂರಿಗೆ ಬೆಂಕಿ ತಾಗಿಸಿ ಹೊಗೆಯ ವಾಸನೆ ನೋಡಿ ಜಾತಿ ಹೇಳುತ್ತಾರೆ. ನೀರಿನ ತೊಟ್ಟಿಯೂ ಒಂದು ತಕ್ಕಡಿ: 2, 4, 5ರ ಚೂರುಗಳು ತೇಲುತ್ತವೆ, 1 ಮತ್ತು 3 ಮುಳುಗುತ್ತವೆ. ಹೀಗೆ ಬೇರೆಯಾದದ್ದನ್ನು ಅಲ್ಲಿಯೇ ಮಾಡಿದ ಯಂತ್ರಗಳಲ್ಲಿ ಪುಡಿಮಾಡಿ, ತೊಳೆದು, ತಗಡಿನ ಮಾಡುಗಳ ಮೇಲೆ ಒಣಗಿಸಿ, ಕರಗಿಸಿ, ಎಳೆಯಾಗಿ ಎಳೆದು, ಕತ್ತರಿಸಿ ದಾಣಾ ಮಾಡುತ್ತಾರೆ. ದಾಣಾ ಮತ್ತೆ ಬಕೆಟು, ಚಪ್ಪಲಿ, ಆಟಿಕೆಯಾಗಿ ಅಂಗಡಿಗೆ ಬರುತ್ತದೆ. ಕರಗಿಸುವಾಗಿನ ಹೊಗೆಯನ್ನು ಕುಡಿಯುವ ಕೆಲಸಗಾರರ ಪುಪ್ಪುಸದ ವೆಚ್ಚವನ್ನು ದಾಣಾದ ಬೆಲೆಯಲ್ಲಿ ಯಾರೂ ಸೇರಿಸಿಲ್ಲ ಎಂಬುದನ್ನು ಧಾರಾವಿಯ ಜಾಣ್ಮೆಯನ್ನು ಹೊಗಳುವವರು ಸಾಮಾನ್ಯವಾಗಿ ಬಿಡುತ್ತಾರೆ.

ಮನೆಯಲ್ಲಿ ತೊಳೆದು ಒಣಗಿಸಿ ಕೊಡಬೇಕೆಂಬ ನಿಯಮದ ಅರ್ಥ ಇಲ್ಲಿ ತಿಳಿಯುತ್ತದೆ. ಸಾಂಬಾರು ಮೆತ್ತಿದ ಡಬ್ಬಿ ಉಳಿದ ಹತ್ತು ಡಬ್ಬಿಗಳ ಬೆಲೆಯನ್ನೂ ಇಳಿಸುತ್ತದೆ.

ಪರಿಸರ ಭಗಿನಿಯರು

ಕಸದ ರಾಶಿಯಿಂದ ಒಣ ವಸ್ತು ಆಯುವವರಲ್ಲಿ ಹೆಂಗಸರ ಪಾಲು ದೊಡ್ಡದು. 1972ರ ಬರಗಾಲದ ನಂತರ ಮರಾಠವಾಡದಿಂದ ಬಂದ ದಲಿತ ಕುಟುಂಬಗಳ ಹೆಣ್ಣುಮಕ್ಕಳು ಇದರಲ್ಲಿ ಬಹಳ. 1975ರಲ್ಲಿ ಜ್ಯೋತಿ ಮ್ಹಾಪ್ಸೇಕರ್ ಮತ್ತು ಸಂಗಾತಿಗಳು ಕಟ್ಟಿದ ಸ್ತ್ರೀ ಮುಕ್ತಿ ಸಂಘಟನಾ, ಮುಲ್ಗೀ ಝಾಲೀ ಹೋ ನಾಟಕದಿಂದ ಊರೂರಿಗೆ ಹೆಸರಾದ ಸಂಸ್ಥೆ, 1998ರಲ್ಲಿ ಪರಿಸರ ವಿಕಾಸ ಎಂಬ ಕಾರ್ಯಕ್ರಮದಡಿ ಇವರನ್ನು ಸಂಘಟಿಸತೊಡಗಿತು. ತರಬೇತಿ ಪಡೆದವರು ಪರಿಸರ ಭಗಿನಿಯರಾಗಿ ಸೊಸೈಟಿಗಳೊಳಗೆ ಬಂದು ಗೊಬ್ಬರದ ಗುಂಡಿ, ಅನಿಲ ಸ್ಥಾವರ ನೋಡಿಕೊಳ್ಳುತ್ತಾರೆ. ರಾಶಿಯ ಮೇಲೆ ನಾಯಿಗಳೊಂದಿಗೆ ಹೋರಾಡುತ್ತಿದ್ದವರಿಗೆ ಗೇಟಿನೊಳಗೆ ಹಾಜರಿ ಪುಸ್ತಕ ಸಿಕ್ಕಿತು.

ಬೆಂಗಳೂರು ಈ ವಿಷಯದಲ್ಲಿ ಬೇರೆ ದಾರಿ ಹಿಡಿಯಿತು. ಅಲ್ಲಿ ಹಸಿರು ದಳದಂಥ ಸಂಸ್ಥೆಗಳ ಒತ್ತಾಯದಿಂದ ಪಾಲಿಕೆಯೇ ಚಿಂದಿ ಆಯುವವರಿಗೆ ಗುರುತಿನ ಚೀಟಿ ಕೊಟ್ಟಿತು, ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರಗಳಲ್ಲಿ ಹಲವನ್ನು ಅವರೇ ನಡೆಸುತ್ತಾರೆ. 2015ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಎರಡು ಬುಟ್ಟಿ–ಒಂದು ಚೀಲದ ಪದ್ಧತಿಯನ್ನು ಕಡ್ಡಾಯ ಮಾಡಿತು: ಹಸಿರು ಬುಟ್ಟಿ ಹಸಿಗೆ, ಕೆಂಪು ಬುಟ್ಟಿ ನೈರ್ಮಲ್ಯ ಕಸಕ್ಕೆ, ಚೀಲ ಒಣದಕ್ಕೆ. ಕೇಂದ್ರದ ನಿಯಮ ನೈರ್ಮಲ್ಯ ಕಸವನ್ನು ಬೇರೆ ಬುಟ್ಟಿಗೆ ತರಲು ಇನ್ನೂ ಹತ್ತು ವರ್ಷ ತೆಗೆದುಕೊಂಡಿತು.

ಉಳಿದದ್ದು ಹೋಗುವ ಜಾಗಗಳು

ಬ್ರಿಟಿಷರ ಕಾಲದ ಪ್ಲೇಗಿನ ವರ್ಷಗಳ ನಂತರ ಬೊಂಬಾಯಿಯ ಕಸ ಚೆಂಬೂರಿನ ಜೌಗಿಗೆ ರೈಲಿನಲ್ಲಿ ಹೋಗುತ್ತಿತ್ತು. ಕುರ್ಲಾ–ಚೆಂಬೂರು ಹಳಿ 1906ರಲ್ಲಿ ಬಿದ್ದದ್ದು ಕಸಕ್ಕಾಗಿ, ಜನರಿಗೆ ತೆರೆದದ್ದು 1924ರಲ್ಲಿ. ಹಾರ್ಬರ್ ಲೈನಿನಲ್ಲಿ ನಿತ್ಯ ತೂಗಾಡುವವರು ಇದನ್ನು ಕೇಳಿ ನಕ್ಕಾರು. ದೇವನಾರ್ ಡಂಪಿಂಗ್ ಗ್ರೌಂಡು 1927ರಿಂದ ಕಸ ನುಂಗುತ್ತಿದೆ. 2016ರ ಜನವರಿ ಕೊನೆಯಲ್ಲಿ ಅಲ್ಲಿ ಹೊತ್ತಿದ ಬೆಂಕಿಯ ಹೊಗೆ ಉಪಗ್ರಹದ ಚಿತ್ರಗಳಲ್ಲೂ ಕಾಣಿಸಿತು, ಪಾಲಿಕೆಯ ಶಾಲೆಗಳಿಗೆ ರಜೆ ಕೊಡಬೇಕಾಯಿತು. ಅದೇ ವರ್ಷದ ಫೆಬ್ರವರಿ 29ರಂದು ಬೊಂಬಾಯಿ ಹೈಕೋರ್ಟು, ಕಸಕ್ಕೆ ದಾರಿ ಕಾಣಿಸುವ ತನಕ ಮುಂಬಯಿಯಲ್ಲಿ ಹೊಸ ಕಟ್ಟಡಗಳಿಗೆ ಅನುಮತಿಯಿಲ್ಲ ಎಂದಿತು. ರಿಡೆವಲಪ್‌ಮೆಂಟಿಗೆ ವಿನಾಯಿತಿ ಇತ್ತು. ಸುಪ್ರೀಂ ಕೋರ್ಟು ಷರತ್ತಿನೊಂದಿಗೆ ಅದನ್ನು ಸಡಿಲಿಸಿದ್ದು 2018ರ ಮಾರ್ಚಿನಲ್ಲಿ. ಕಸದ ನಿಯಮ ಬಿಲ್ಡರುಗಳ ನಿದ್ದೆ ಕೆಡಿಸಿದ ಎರಡು ವರ್ಷಗಳು ಅವು.

ಗೊರಾಯಿಯ ರಾಶಿಯನ್ನು 2007ರಲ್ಲಿ ಮುಚ್ಚಿ ಅದರ ಮೀಥೇನನ್ನು ಹಿಡಿದಿಟ್ಟರು. ಮಲಾಡಿನ ಹಳೆಯ ಡಂಪಿಂಗ್ ನೆಲದ ಮೇಲೆ ಇಂದು ಗಾಜಿನ ಕಚೇರಿಗಳಿವೆ. ಮುಲುಂಡಿನದು 2018ರಲ್ಲಿ ನಿಂತು, ಹಳೆ ಕಸವನ್ನು ಅಗೆದು ಜರಡಿ ಹಿಡಿಯುವ ಕೆಲಸಕ್ಕೆ ಹೋಯಿತು. ಈಗ ನಗರದ ದಿನದ ಸುಮಾರು 6,500–7,000 ಟನ್ನಿನಲ್ಲಿ ಹೆಚ್ಚಿನದ್ದು ಕಾಂಜೂರ್‌ಮಾರ್ಗಕ್ಕೆ ಹೋಗುತ್ತದೆ. ಆ ನೆಲ ಸಂರಕ್ಷಿತ ಅರಣ್ಯವೆಂದು ಹೈಕೋರ್ಟು 2025ರ ಮೇಯಲ್ಲಿ ತೀರ್ಪಿತ್ತಿತು, ಸುಪ್ರೀಂ ಕೋರ್ಟು ಆಗಸ್ಟಿನಲ್ಲಿ ಅದಕ್ಕೆ ತಡೆ ಕೊಟ್ಟಿತು. ಇತ್ತ ದೇವನಾರಿನ 124 ಎಕರೆಯನ್ನು ಧಾರಾವಿ ಪುನರ್ನಿರ್ಮಾಣಕ್ಕೆಂದು ಸರಕಾರ 2024ರಲ್ಲಿ ಗೊತ್ತುಮಾಡಿದೆ, 185 ಲಕ್ಷ ಟನ್ ಹಳೆ ಕಸ ತೆರವಾಗಬೇಕಿದೆ. ನಗರದ ಕಸವನ್ನು ದಾಣಾ ಮಾಡಿ ಬದುಕಿದವರಲ್ಲಿ ಕೆಲವರಿಗೆ ಕಸದ ದಿಬ್ಬವೇ ಹೊಸ ವಿಳಾಸವಾದೀತು.

ಸಭೆಯಲ್ಲಿ ಏಳುವ ಪ್ರಶ್ನೆಗಳು

"ನಾವು ಮನೆಯಲ್ಲಿ ಬೇರೆ ಮಾಡಿ ಕೊಡುತ್ತೇವೆ, ಗಾಡಿಯವರು ಎಲ್ಲ ಒಟ್ಟಿಗೆ ತುಂಬುತ್ತಾರಲ್ಲ?" ಈ ಪ್ರಶ್ನೆಯಿಲ್ಲದ ಸಭೆ ಇಲ್ಲ, ಅದು ನ್ಯಾಯವಾದ ಪ್ರಶ್ನೆಯೂ ಹೌದು. ಬೇರ್ಪಡಿಸಿದ್ದನ್ನು ಬೆರೆಸದೆ ಒಯ್ಯುವ ಕರ್ತವ್ಯವನ್ನು ನಿಯಮ ಪಾಲಿಕೆಗೆ ಹೊರಿಸಿದೆ. ಹಸಿ ಕಸ ಒತ್ತುವ ಕಾಂಪ್ಯಾಕ್ಟರ್ ಲಾರಿ ಬೇರೆ, ಒಣ ಕಸದ ವಾಹನ ಬೇರೆ, ಎರಡನೆಯದು ದಿನವೂ ಬರುವುದಿಲ್ಲ. ಅದು ಬರುವ ದಿನವನ್ನು ವಾರ್ಡ್ ಕಚೇರಿಯ ಘನತ್ಯಾಜ್ಯ ವಿಭಾಗದಿಂದ ಬರವಣಿಗೆಯಲ್ಲಿ ಪಡೆದು ನೋಟಿಸ್ ಬೋರ್ಡಿಗೆ ಹಾಕಿದ ಸೊಸೈಟಿಗಳಲ್ಲಿ ಈ ದೂರು ಕಡಿಮೆಯಾದೀತು. ಒಣ ಚೀಲವನ್ನು ಮೂರು ದಿನ ಇಟ್ಟುಕೊಂಡರೆ ಕೊಳೆಯುವುದಿಲ್ಲ, ಇಡಲು ಮೂಲೆಯೊಂದು ಬೇಕು, ಅಷ್ಟೆ.

"ದುಡ್ಡು ಯಾರು ಕೊಡಬೇಕು?" ಪಾಲಿಕೆ 2025ರ ಏಪ್ರಿಲಿನಲ್ಲಿ ಪ್ರಕಟಿಸಿದ ಕರಡು ಉಪವಿಧಿಯಲ್ಲಿ 50 ಚದರ ಮೀಟರಿನ ಒಳಗಿನ ಮನೆಗೆ ತಿಂಗಳಿಗೆ 100 ರೂಪಾಯಿ, 300ರವರೆಗೆ 500, ಅದಕ್ಕೂ ದೊಡ್ಡದಕ್ಕೆ 1,000 ಎಂದಿತ್ತು. ಆಕ್ಷೇಪಗಳ ಮಳೆ ಸುರಿಯಿತು. ಆಸ್ತಿ ತೆರಿಗೆ ಕಟ್ಟುವವರಿಗೆ ಮತ್ತೆ ಶುಲ್ಕವೇಕೆ ಎಂಬ ಮಾತಿಗೆ ಬಲವಿದೆ. ನನಗೆ ಕಾಣುವ ಕೊರತೆ ಬೇರೆ: ಮನೆಯ ಅಳತೆಯ ಮೇಲೆ ಶುಲ್ಕ ಹಾಕಿದರೆ ಬೇರ್ಪಡಿಸಿ ಕೊಟ್ಟವರೂ ಅಷ್ಟೇ ಕೊಡುತ್ತಾರೆ, ಬೆರೆಸಿ ಕೊಟ್ಟವರೂ ಅಷ್ಟೇ ಕೊಡುತ್ತಾರೆ. ಹೊಸ ಕೇಂದ್ರ ನಿಯಮ ಭೂಭರ್ತಿಯ ಬಾಗಿಲಲ್ಲಿ ಬೆರಕೆ ಕಸಕ್ಕೆ ಹೆಚ್ಚು ಶುಲ್ಕ ಹಾಕಲು ಹೇಳುತ್ತದೆ. ಆ ತತ್ವ ಕಟ್ಟಡದ ಗೇಟಿನ ತನಕ ಇಳಿದು ಬಂದಿಲ್ಲ.

"ನಮ್ಮ ಕ್ಲಬ್ಬು ಏನು ಮಾಡಬಹುದು?" 2015ರ ಅಕ್ಟೋಬರಿನಲ್ಲಿ ವಕೀಲ ಅಫ್ರೋಜ್ ಶಾ ವರ್ಸೋವಾ ಕಡಲತೀರದಲ್ಲಿ ಕಸ ಎತ್ತಲು ಬಗ್ಗಿದ ಮೇಲೆ ಬೀಚ್ ಸ್ವಚ್ಛತೆ ಎಲ್ಲ ಕ್ಲಬ್ಬುಗಳ ಪ್ರೀತಿಯ ಕಾರ್ಯಕ್ರಮವಾಯಿತು. ಟೋಪಿ, ಟೀಶರ್ಟು, ಗ್ರೂಪ್ ಫೋಟೋ ಎಲ್ಲ ಸರಿ. ಅದಕ್ಕಿಂತ ಕಡಿಮೆ ಫೋಟೋ ಸಿಗುವ ಕೆಲಸಗಳಿವೆ. ಹತ್ತು ಸಣ್ಣ ಸೊಸೈಟಿಗಳ ಡೈಪರ್–ಪ್ಯಾಡಿನ ಸಂಗ್ರಹಕ್ಕೆ ಪಾಲಿಕೆಯಲ್ಲಿ ನೋಂದಣಿ ಮಾಡಿಸುವುದು, ಒಂದು ಬೀದಿಯ ಗೆರಟೆ, ಟೆಟ್ರಾಪ್ಯಾಕು, ಟ್ಯೂಬ್‌ಲೈಟುಗಳಿಗೆ ತಿಂಗಳಿಗೊಂದು ದಿನ ಗೊತ್ತುಮಾಡಿ ಸರಿಯಾದ ಏಜೆನ್ಸಿಗೆ ಮುಟ್ಟಿಸುವುದು, ಪಸ್ತಿವಾಲಾ ತಿರಸ್ಕರಿಸುವ ವಸ್ತುಗಳ ಪಟ್ಟಿಯನ್ನು ಅವನಿಂದಲೇ ಕೇಳಿ ಬರೆದುಕೊಳ್ಳುವುದು. ಇನ್ನೊಂದು ಕಲಮು ಕ್ಲಬ್ಬಿಗೇ ನೇರ ತಾಗುತ್ತದೆ. ಪರವಾನಗಿಯಿಲ್ಲದ ಜಾಗದಲ್ಲಿ ನೂರಕ್ಕಿಂತ ಹೆಚ್ಚು ಜನರನ್ನು ಸೇರಿಸುವವರು ಮೂರು ಕೆಲಸದ ದಿನ ಮೊದಲು ಪಾಲಿಕೆಗೆ ತಿಳಿಸಬೇಕು, ಅಲ್ಲಿ ಹುಟ್ಟಿದ ಕಸವನ್ನು ಬೇರ್ಪಡಿಸಿ ಕೊಡಬೇಕು ಎಂದು 2016ರ ನಿಯಮದಲ್ಲೇ ಇತ್ತು. ಮೈದಾನದ ಆರೋಗ್ಯ ಶಿಬಿರ, ಗಲ್ಲಿಯ ಗಣೇಶೋತ್ಸವ, ವಾರ್ಷಿಕ ಕ್ರೀಡಾಕೂಟ ಎಲ್ಲ ಇದರ ವ್ಯಾಪ್ತಿಗೆ ಬರುತ್ತವೆ. ಆ ಅರ್ಜಿ ಬರೆಯುವ ಕೆಲಸವನ್ನು ಕಾರ್ಯದರ್ಶಿಗೆ ಒಪ್ಪಿಸಿ, ಊಟದ ಕೌಂಟರಿನ ಪಕ್ಕ ನಾಲ್ಕು ಡ್ರಮ್ಮು ಇಡಿಸಿ, ಅವುಗಳ ಬಳಿ ಒಬ್ಬ ಸದಸ್ಯರನ್ನು ನಿಲ್ಲಿಸಬೇಕು. ಯಾರೂ ನಿಲ್ಲದಿದ್ದರೆ ನಾಲ್ಕರಲ್ಲೂ ಒಂದೇ ಕಸ ಬೀಳುತ್ತದೆ.